ಕಲ್ಲು ಒಂದು ಗೇಣು ಇಳಿಸುವ ವಿಷಯವಾಗಿ

ಮಾನ್ಯ ಶಿಕ್ಷಣಾಧಿಕಾರಿಗಳೇ,

ನಿಮ್ಮ ಹೆಸರನ್ನು ಒಂದು ಗೇಣು ನೆಲದೊಳಗೆ ಹೂಳಲು ಅನುಮತಿ ಬೇಕಾಗಿದೆ. ಗಾಬರಿಯಾಗಬೇಡಿ, ನಿಮ್ಮನ್ನಲ್ಲ, ಹೆಸರನ್ನು ಮಾತ್ರ. ನಮ್ಮೂರ ಸರ್ಕಾರಿ ಪ್ರೌಢಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಫರಸಿ ಕಲ್ಲಿನ ಒಂದು ಮೇಜು ಇದೆ. ಅದರ ಕಾಲಿನ ಮೇಲೆ ನಿಮ್ಮ ಹೆಸರು ಕೆತ್ತಿದೆ. ಆ ಮೇಜು ಮಕ್ಕಳ ಅಳತೆಗಿಂತ ಒಂದು ಗೇಣು ಎತ್ತರವಾಗಿದೆ. ಅದರ ಮುಂದೆ ಕುಳಿತು ಕುಳಿತು ನನ್ನ ಮೊಮ್ಮಗಳು ಶಿವಗಂಗಾಳ ಕುತ್ತಿಗೆ ಹಿಡಿದಿದೆ, ಬಲಗೈ ಜೋಮು ಹಿಡಿಯುತ್ತಿದೆ. ಅವಳು ಈ ವರ್ಷ ಹತ್ತನೆಯ ತರಗತಿ. ಮೇಜು ಇಳಿಯಬೇಕೆಂದರೆ ಅದರ ಕಾಲುಗಳನ್ನು ನೆಲದಲ್ಲಿ ಹುಗಿಯಬೇಕು. ಹುಗಿದರೆ ನಿಮ್ಮ ಹೆಸರು ಮಣ್ಣೊಳಗೆ ಹೋಗುತ್ತದೆ. ಅದು ಹೋಗಬಾರದೆಂದು ಏಳು ತಿಂಗಳಿಂದ ಮಕ್ಕಳ ಕುತ್ತಿಗೆ ಹೋಗುತ್ತಿದೆ. ಸಂಗತಿ ಇಷ್ಟೇ. ಅರ್ಜಿಯನ್ನು ಕೊನೆಯವರೆಗೆ ಓದುವ ಅಭ್ಯಾಸ ನಿಮ್ಮ ಕಚೇರಿಗೆ ಇಲ್ಲವೆಂದು ಗೊತ್ತಿರುವುದರಿಂದ ಮೊದಲೇ ಹೇಳಿಬಿಟ್ಟೆ. ಉಳಿದದ್ದು ಪತ್ರಿಕೆ ಓದುವ ಜನಕ್ಕೆ.

ನಾನು ಗುರುಲಿಂಗಮ್ಮ. ವಯಸ್ಸು ಎಪ್ಪತ್ತೊಂದು. ಓದಿದ್ದು ನಾಲ್ಕನೆಯ ಇಯತ್ತೆ. ಮಳೆಗಾಲದಲ್ಲಿ ಶಾಲೆ ಸೋರುತ್ತಿದ್ದುದರಿಂದ ಮೂರೂವರೆ ಎಂದರೂ ನಡೆದೀತು. ಊರು ಶಹಾಬಾದಕ್ಕೂ ವಾಡಿಗೂ ನಡುವೆ ಇದೆ. ಅದರ ಹೆಸರು ಬರೆಯುವುದಿಲ್ಲ. ನಮ್ಮ ಮುಖ್ಯಗುರುಗಳು ಕೆಟ್ಟವರಲ್ಲ, ಅಂಜುಬುರುಕರು ಅಷ್ಟೇ, ಅಂಜಿದವರ ಮನೆಗೆ ನೋಟಿಸು ಬೇಗ ಬರುತ್ತದೆ. ನಿಮ್ಮ ಹೆಸರನ್ನೂ ಬರೆಯುವುದಿಲ್ಲ. ಅದು ಕಲ್ಲಿನ ಮೇಲೆ ಇದೆಯಲ್ಲ, ಕಾಗದದ ಮೇಲೂ ಯಾಕೆ.

ಒಂದೂವರೆ ವರ್ಷದ ಹಿಂದೆ ಶಾಲೆಗೆ ಐದು ಕಂಪ್ಯೂಟರ್ ಬಂದವು. ಡಬ್ಬಿಗಳ ಜೊತೆ ನಿಮ್ಮ ಕಚೇರಿಯ ಪತ್ರವೂ ಬಂತು: ಮೇಜು ಮತ್ತು ಆಸನಗಳನ್ನು ಸ್ಥಳೀಯವಾಗಿ ಒದಗಿಸಿಕೊಳ್ಳತಕ್ಕದ್ದು. ಸ್ಥಳೀಯ ಎಂದರೆ ನಾವು ಎಂದು ಆಗ ತಿಳಿಯಿತು. ನಮ್ಮ ಕಡೆ ಸ್ಥಳೀಯವಾಗಿ ಸಿಗುವುದು ಎರಡೇ ವಸ್ತು, ಧೂಳು ಮತ್ತು ಫರಸಿ. ಧೂಳು ಕರೆಯದೆ ಬರುತ್ತದೆ, ಫರಸಿಗೆ ಯಾರಾದರೂ ಬೇಕು. ಮುಖ್ಯಗುರುಗಳು ನನ್ನ ಮಗ ಕಾಶೀನಾಥನನ್ನು ಹಿಡಿದರು. ಅವನು ಶಹಾಬಾದದಲ್ಲಿ ಕಲ್ಲು ಪಾಲಿಶ್ ಮಾಡುವ ಘಟಕದಲ್ಲಿ ಇಪ್ಪತ್ತು ವರ್ಷದಿಂದ ದುಡಿಯುತ್ತಾನೆ. ಮಗಳು ಓದುವ ಶಾಲೆ ಎಂದು ಒಳ್ಳೆಯ ಕಲ್ಲು ಆರಿಸಿ ತಂದ. ಮಕ್ಕಳ ಮಣಿಕಟ್ಟಿಗೆ ಒತ್ತಬಾರದೆಂದು ಅಂಚನ್ನು ಉಜ್ಜಿ ಉಜ್ಜಿ ದುಂಡು ಮಾಡಿದ. ಕೈಯಾಡಿಸಿದರೆ ಕಲ್ಲೋ ಬೆಣ್ಣೆಯೋ ಎನ್ನುವ ಹಾಗೆ ಇದೆ. ಆದರೆ ಎತ್ತರವನ್ನು ತನ್ನ ಹೊಕ್ಕುಳಕ್ಕೆ ಅಳೆದ.

ಅದಕ್ಕೆ ಅವನನ್ನು ಬೈಯಬೇಡಿ, ನಾನು ಸಾಕಷ್ಟು ಬೈದಿದ್ದೇನೆ. ಪಾಲಿಶ್ ಮಾಡುವವರಲ್ಲಿ ಒಂದು ನಿಯಮವಿದೆ: ಕಲ್ಲು ಹೊಕ್ಕುಳದ ಸಮಕ್ಕೆ ಇರಬೇಕು, ಇಲ್ಲದಿದ್ದರೆ ನಡ ಮುರಿಯುತ್ತದೆ. ಅವರು ನಿಂತು ದುಡಿಯುವವರು. ಮಕ್ಕಳ ನಡ ಉಳಿಯಲಿ ಎಂದೇ ಅವನು ಹಾಗೆ ಅಳೆದದ್ದು. ಮಕ್ಕಳು ನಿಲ್ಲುವುದಿಲ್ಲ, ಕುಳಿತುಕೊಳ್ಳುತ್ತಾರೆ ಎಂಬುದು ಅವನ ತಲೆಗೆ ಹೊಳೆಯಲೇ ಇಲ್ಲ.

ಇನ್ನು ಹೆಸರಿನ ಕಥೆ. ಉದ್ಘಾಟನೆಯ ಹಿಂದಿನ ದಿನ ಮುಖ್ಯ ಅತಿಥಿಗಳ ಹೆಸರು ಎಲ್ಲಿ ಎಂದು ನಿಮ್ಮ ಕಚೇರಿಯಿಂದ ಫೋನು ಬಂತಂತೆ. ಮೇಜು ಆಗಲೇ ನಿಂತಿತ್ತು. ಅಕ್ಷರ ಕೆತ್ತುವ ಮಶಾಕನನ್ನು ಓಡಿಹೋಗಿ ಕರೆತಂದರು. ಕೆತ್ತುವವರು ನೆಲಕ್ಕೆ ಕುಳಿತೇ ಕೆತ್ತುವವರು. ಒಂದು ಕಾಲು ಮಡಚಿ, ಒಂದು ಕಾಲು ಚಾಚಿ ಕುಳಿತರೆ ಉಳಿ ಬರುವುದು ಮಡಿಲಿನ ನೇರಕ್ಕೆ. ಅಲ್ಲೇ ಕೆತ್ತಿದ. ಹೆಸರು, ಪದವಿ, ಅಮೃತ ಹಸ್ತ, ಎಲ್ಲವೂ ನೆಲದಿಂದ ಒಂದು ಗೇಣಿನೊಳಗೆ ಬಂತು. ಉದ್ಘಾಟನೆಯ ದಿನ ನೀವು ಸೊಂಟ ಬಗ್ಗಿಸಿ ಅದನ್ನು ಓದಿದ್ದು ನಮಗೆಲ್ಲ ನೆನಪಿದೆ. ಎದ್ದು ನಿಲ್ಲುವಾಗ ಬೆನ್ನಿಗೆ ಕೈ ಕೊಟ್ಟುಕೊಂಡಿರಿ. ಆ ಕೋಣೆ ನಿಮ್ಮನ್ನು ಒಂದು ನಿಮಿಷ ನೋಯಿಸಿತು.

ಹೀಗೆ ನಿಂತು ದುಡಿಯುವವನು ಎತ್ತರ ಅಳೆದ, ಕುಳಿತು ದುಡಿಯುವವನು ಹೆಸರು ಕೆತ್ತಿದ. ಇಬ್ಬರೂ ತಮ್ಮ ಕೆಲಸವನ್ನು ಚೊಕ್ಕವಾಗಿಯೇ ಮಾಡಿದರು. ಒಂದು ಮಗುವನ್ನು ಕರೆದು, ಕುರ್ಚಿಯ ಮೇಲೆ ಕೂಡಿಸಿ, ಮೊಣಕೈ ಎಲ್ಲಿಗೆ ಬರುತ್ತದೆ, ಕಣ್ಣು ಎಲ್ಲಿಗೆ ಬರುತ್ತದೆ ಎಂದು ನೋಡಬೇಕಾಗಿದ್ದವರು ಯಾರು? ಕಂಪ್ಯೂಟರ್ ಕಳಿಸಿದವರಿಗೆ ಮಕ್ಕಳಿಗೆ ಕುತ್ತಿಗೆ ಇರುತ್ತದೆ ಎಂಬ ಮಾಹಿತಿ ಇರಲಿಲ್ಲವೆ? ಎಷ್ಟು ಮಕ್ಕಳಿಗೆ ಆಧಾರ್ ಇದೆ, ಎಷ್ಟು ಮಕ್ಕಳು ಮೊಟ್ಟೆ ತಿಂದರು, ಎಷ್ಟು ಬಾಳೆಹಣ್ಣು ತಿಂದರು ಎಂಬುದೆಲ್ಲ ನಿಮಗೆ ಸಂಜೆ ಐದರೊಳಗೆ ಬೇಕು. ಕುತ್ತಿಗೆಗೆ ಮಾತ್ರ ಅದರಲ್ಲಿ ಕಾಲಮ್ಮು ಇಲ್ಲ.

ಆ ಮಾಹಿತಿಯ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಶಾಲೆಗೆ ಕಂಪ್ಯೂಟರ್ ಬಂದವೇ ಹೊರತು ಕಲಿಸುವವರು ಬರಲಿಲ್ಲ. ಶಿವಗಂಗಾಳ ಬೆರಳು ಚುರುಕು. ಒಂಬತ್ತನೆಯ ತರಗತಿಯಲ್ಲಿದ್ದಾಗಲೇ ನೋಡದೆ ಕನ್ನಡ ಟೈಪು ಮಾಡುತ್ತಿದ್ದಳು. ಮುಖ್ಯಗುರುಗಳು ಒಂದೇ ಬೆರಳಿನಲ್ಲಿ ಒಂದೊಂದೇ ಅಕ್ಷರ ಹುಡುಕುವವರು. ನಿಮ್ಮ ಕಚೇರಿಯಿಂದ 'ತುರ್ತು', 'ಅತಿ ತುರ್ತು', 'ಇಂದೇ' ಎಂದು ಬಂದದ್ದನ್ನೆಲ್ಲ ಶಾಲೆ ಬಿಟ್ಟ ಮೇಲೆ ಅವಳ ಮುಂದಿಟ್ಟರು. ದಿನಕ್ಕೆ ಎರಡು ತಾಸು, ಕೆಲವು ದಿನ ಮೂರು ತಾಸು. ನಮಗೂ ಹೆಮ್ಮೆಯೇ. ಊರ ಬಾವಿಕಟ್ಟೆಯಲ್ಲಿ ನಾನೇ ಹೇಳಿಕೊಂಡು ತಿರುಗಿದೆ, ನನ್ನ ಮೊಮ್ಮಗಳು ಇಲ್ಲದಿದ್ದರೆ ಸಾಲಿ ನಡೆಯುವುದಿಲ್ಲ ಎಂದು. ನನ್ನ ತಪ್ಪು ಇದು, ಬರೆದಿಡುತ್ತಿದ್ದೇನೆ. ಎದೆಯ ಮಟ್ಟದ ಕಲ್ಲಿನ ಮೇಲೆ ಕೈ ಎತ್ತಿಟ್ಟು, ಭುಜ ಕಿವಿಗೆ ತಾಗಿಸಿ, ಗದ್ದ ಮೇಲೆ ಮಾಡಿ ಆ ಹುಡುಗಿ ನಿಮ್ಮ ಕಚೇರಿಗೆ ವರ್ಷವಿಡೀ ಮಾಹಿತಿ ಉಣ್ಣಿಸಿದಳು.

ಕುರ್ಚಿ ಎತ್ತರ ಮಾಡಬಹುದಿತ್ತಲ್ಲ ಎಂದು ಜಾಣರು ಕೇಳುತ್ತಾರೆ. ಮಾಡಿದೆವು. ಪ್ಲಾಸ್ಟಿಕ್ ಕುರ್ಚಿಯ ಕಾಲಿಗೆ ಫರಸಿಯ ತುಂಡು ಕೊಟ್ಟೆವು. ಮಕ್ಕಳ ಪಾದ ಗಾಳಿಯಲ್ಲಿ ತೂಗಾಡಿದವು. ಮೂರನೆಯ ದಿನ ಒಬ್ಬ ಹುಡುಗಿ ಕುರ್ಚಿ ಸಮೇತ ಬಿದ್ದು ಮುಂದಿನ ಹಲ್ಲು ಮುರಿದುಕೊಂಡಳು. ಅಲ್ಲಿಗೆ ಆ ಜಾಣತನ ಮುಗಿಯಿತು.

ಶಿವಗಂಗಾ ಮೊದಮೊದಲು ಏನೂ ಹೇಳಲಿಲ್ಲ. ಒಂದು ಮುಂಜಾನೆ ರೊಟ್ಟಿ ಬಡಿಯುತ್ತ ಕುಳಿತವಳು ಕೈ ನಿಲ್ಲಿಸಿದಳು. ಹಿಟ್ಟಿನ ಮೇಲೆ ಕೈ ಹಾಗೇ ಇತ್ತು.

"ಯಾಕ, ಏನಾಯ್ತು?" ಎಂದೆ.

"ಆಯಿ, ಬೆರಳು ನನ್ನವಲ್ಲ ಅನಸಲಿಕತ್ತಾವ."

"ನಿನ್ನವಲ್ಲಂದ್ರ ಯಾರವ? ಸರ್ಕಾರದವೇನು?"

ಅವಳು ನಕ್ಕಳು, ನಾನೂ ನಕ್ಕೆ. ರೊಟ್ಟಿಯನ್ನು ನಾನೇ ಬಡಿದೆ. ಆ ನಗುವನ್ನು ನೆನೆದರೆ ಈಗ ನನಗೆ ನನ್ನ ಬಾಯಿಯ ಮೇಲೆಯೇ ಸಿಟ್ಟು.

ಎಣ್ಣೆ ತಿಕ್ಕಿದೆವು, ಉಪ್ಪಿನ ಶಾಖ ಕೊಟ್ಟೆವು, ಸೇಡಂನ ಕಡೆ ಒಬ್ಬರು ನರ ಎಳೆಯುತ್ತಾರೆಂದು ಕರೆದೊಯ್ದು ನೋವು ಹೆಚ್ಚು ಮಾಡಿಸಿಕೊಂಡು ಬಂದೆವು. ಕೊನೆಗೆ ವಾಡಿಯಲ್ಲಿ ಮಹೆವಿಶ ಎಂಬ ಹೆಣ್ಣುಮಗಳ ಹತ್ತಿರ ಹೋದೆವು. ವ್ಯಾಯಾಮ ಮಾಡಿಸಿ ನೋವು ಕಳೆಯುವ ಫಿಜಿಯೋಥೆರಪಿ ಕಲಿತವಳು, ಸಣ್ಣ ವಯಸ್ಸು, ಮಾತು ಖಡಕ್. ಔಷಧದ ಮಾತು ಎತ್ತಲಿಲ್ಲ. ಒಂದು ಸ್ಟೂಲು ಎಳೆದಳು.

"ಕುಂದ್ರವ್ವಾ. ಸಾಲ್ಯಾಗ ಕಂಪ್ಯೂಟರ್ ಮುಂದ ಹ್ಯಾಂಗ ಕುಂದರ್ತಿ, ಹಂಗ ಕುಂದ್ರು."

ಶಿವಗಂಗಾ ಕುಳಿತು ಎರಡೂ ಕೈಗಳನ್ನು ಎದೆಯ ಸಮಕ್ಕೆ ಎತ್ತಿ, ಗದ್ದ ಮೇಲೆ ಮಾಡಿದಳು.

ಮಹೆವಿಶ ನನ್ನ ಮುಖ ನೋಡಿದಳು. "ಅಮ್ಮಾ, ಇದೇನು ಗುಡ್ಯಾಗ ಗಂಟಿ ಬಾರಿಸೂದಾ, ಕಂಪ್ಯೂಟರ್ ಒತ್ತೂದಾ?"

ಆಮೇಲೆ ಅವಳು ಹೇಳಿದ್ದನ್ನು ನಾನು ಬಾಯಿಪಾಠ ಮಾಡಿದ್ದೇನೆ. ಪಾದ ನೆಲಕ್ಕೆ ಊರಿರಬೇಕು. ಬೆನ್ನಿಗೆ ಆಸರೆ ಇರಬೇಕು. ಮೊಣಕೈ ಮೇಜಿನ ಸಮಕ್ಕೆ ಇರಬೇಕು, ಭುಜ ಸಡಿಲ ಇರಬೇಕು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರಬೇಕು, ಒಂದು ಕೈಯಳತೆ ದೂರ ಇರಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ಕಣ್ಣನ್ನು ದೂರ ಹಾಯಿಸಬೇಕು, ಅರ್ಧ ತಾಸಿಗೊಮ್ಮೆ ಎದ್ದು ನಿಲ್ಲಬೇಕು. ನಾಲ್ಕನೆಯ ಇಯತ್ತೆಯ ಮುದುಕಿಗೆ ಒಂದೇ ಸಲಕ್ಕೆ ತಿಳಿಯಿತು. ಮಕ್ಕಳಿಗೂ ತಿಳಿಯುತ್ತದೆ. ಇಲಾಖೆಗೆ ತಿಳಿಯಲು ಎಷ್ಟು ವರ್ಷ ಬೇಕು ಎಂಬುದೊಂದೇ ಗೊತ್ತಿಲ್ಲ.

"ನಾಕ ತಿಂಗಳು ಈ ಕೈಗೆ ಟೈಪೂ ಬ್ಯಾಡ, ಭಾಳ ಬರೆಯೂದೂ ಬ್ಯಾಡ" ಎಂದಳು ಮಹೆವಿಶ.

"ಎರಡು ತಿಂಗಳಿಗೆ ನನ್ನ ಪರೀಕ್ಷಾ ಅದಾವಲ್ರೀ ಅಕ್ಕಾ" ಎಂದಳು ಶಿವಗಂಗಾ.

ಮಹೆವಿಶ ಅವಳ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಬೆರಳು ಒಂದೊಂದಾಗಿ ಬಿಡಿಸುತ್ತ ಕುಳಿತಳು. ಇದು ಹೋದ ವಾರದ ಹಿಂದಿನ ವಾರದ ಮಾತು. ಆದರೆ ಮೇಜು ಎತ್ತರವಾಯಿತು ಎಂದು ನಿಮಗೆ ಹೇಳಲು ಶುರು ಮಾಡಿದ್ದು ಜೂನಿನಲ್ಲಿ, ಹಲ್ಲು ಮುರಿದ ಮರುದಿನ. ಆಗ ಇಳಿಸಿದ್ದರೆ ಈ ವಾಡಿಯ ಪ್ರಯಾಣ ಇರುತ್ತಿರಲಿಲ್ಲ.

ಇಳಿಸಲು ಕಾಶೀನಾಥ ಹೋಗಿದ್ದ. ಒಂದು ಭಾನುವಾರ ಹಾರೆ ಹಿಡಿದು, ಇಬ್ಬರನ್ನು ಕರೆದುಕೊಂಡು ಹೋಗಿದ್ದ. ಕಾಲುಗಳ ಮೇಲಿನ ತುದಿ ಕತ್ತರಿಸುವಂತಿಲ್ಲ, ಮೇಲಿನ ಹಾಸುಗಲ್ಲು ಕೂಡುವ ಕಚ್ಚು ಅಲ್ಲೇ ಕೊರೆದಿದೆ. ಕೆಳಗೆ ಹುಗಿಯುವುದೊಂದೇ ದಾರಿ, ಅರ್ಧ ದಿನದ ಕೆಲಸ. ಮುಖ್ಯಗುರುಗಳು ಸುದ್ದಿ ತಿಳಿದು ಬನಿಯನ್ನಿನಲ್ಲೇ ಓಡಿ ಬಂದರು.

"ಕಾಶೀನಾಥ, ಹಾರಿ ಕೆಳಗಿಡಪ್ಪಾ. ಸಾಹೇಬ್ರ ಹೆಸರು ಮಣ್ಣಾಗ ಹೋಗ್ತದ."

"ಹೋದ್ರ ಹೋಗ್ಲಿ ಬಿಡ್ರಿ ಸರ್, ಮ್ಯಾಲ ಮತ್ತ ಕೆತ್ತಸ್ತೀನಿ."

"ಜೀವಂತ ಇದ್ದವ್ರ ಹೆಸರು ಹೂಳ್ತಾರೇನು? ಅವ್ರಿಗೆ ಯಾರರೇ ಹೇಳಿದ್ರ? ನನ್ನ ರಿಟೈರ್‌ಮೆಂಟಿಗೆ ಹದಿನಾಲ್ಕು ತಿಂಗಳು ಉಳದಾವ. ಬ್ಯಾಡೋ, ನಿನ್ನ ಕಾಲ್ ಬೀಳ್ತೀನಿ."

ಮುಖ್ಯಗುರುಗಳು ನಿಜವಾಗಿಯೂ ಬಗ್ಗಿದರು. ತನಗೆ ಅಕ್ಷರ ಕಲಿಸಿದವರು ಕಾಲಿಗೆ ಬಗ್ಗಿದರೆ ನನ್ನ ಮಗ ಏನು ಮಾಡಬೇಕು? ಹಾರೆ ಹೊತ್ತು ಮನೆಗೆ ಬಂದ. ಅಂದಿನಿಂದ ಶುರುವಾದದ್ದು ಅನುಮತಿಯ ಅರ್ಜಿ. ಮೊದಲನೆಯದಕ್ಕೆ ಬಂದ ಉತ್ತರ 'ಪರಿಶೀಲನೆಯಲ್ಲಿದೆ'. ಎರಡನೆಯದಕ್ಕೆ 'ಮೊದಲನೆಯದನ್ನು ನೋಡಿ'. ಮೂರನೆಯದಕ್ಕೆ ಉತ್ತರವೇ ಇಲ್ಲ.

ಉತ್ತರ ಬರಲಿಲ್ಲ, ಆದರೆ ಆಗಸ್ಟಿನಲ್ಲಿ ಒಂದು ಚಿತ್ರ ಬಂತು. ಕಂಪ್ಯೂಟರ್ ಮುಂದೆ ಹೇಗೆ ಕುಳಿತುಕೊಳ್ಳಬೇಕು ಎಂಬ ಬಣ್ಣದ ಚಿತ್ರ. ಅದರಲ್ಲಿಯ ಹುಡುಗ ಬೆಳ್ಳಗಿದ್ದಾನೆ, ಅವನ ಕುರ್ಚಿಗೆ ಗಾಲಿ ಇದೆ, ಪಾದ ನೆಲದ ಮೇಲಿದೆ, ಮೊಣಕೈ ಮೇಜಿನ ಸಮಕ್ಕಿದೆ. ಸುತ್ತೋಲೆಯೂ ಇತ್ತು: 'ಸರಿಯಾದ ಭಂಗಿ ಜಾಗೃತಿ ದಿನ' ಆಚರಿಸಿ ಐದು ಫೋಟೋ ಅಪ್‌ಲೋಡ್ ಮಾಡತಕ್ಕದ್ದು. ಆಚರಿಸಿದರು. ಚಿತ್ರವನ್ನು ಮೇಜಿನ ಮೇಲಿನ ಗೋಡೆಗೆ ಅಂಟಿಸಿದರು, ಮಕ್ಕಳು ಕತ್ತು ಇನ್ನೂ ಮೇಲೆತ್ತಿ ಅದನ್ನು ನೋಡಿದರು. ಆ ಐದು ಫೋಟೋಗಳನ್ನು ನಿಮಗೆ ಕಳಿಸಿದ್ದು ಯಾರು ಗೊತ್ತೆ? ಶಿವಗಂಗಾ. ಅದೇ ಕಲ್ಲಿನ ಮುಂದೆ ಕುಳಿತು.

ಸೆಪ್ಟೆಂಬರಿನಲ್ಲಿ ನಾನೇ ನಿಮ್ಮ ಕಚೇರಿಗೆ ಬಂದೆ. ನಿಮಗೆ ನೆನಪಿರಲಿಕ್ಕಿಲ್ಲ, ಮುದುಕಿಯರೆಲ್ಲ ಒಂದೇ ತರಹ ಕಾಣುತ್ತಾರೆ. ಒಂದು ಊಟದ ಹೊತ್ತು ಕಾದ ಮೇಲೆ ಒಳಗೆ ಬಿಟ್ಟರು.

"ಮೇಜು ಎತ್ತರ ಆಗ್ಯಾದ್ರಿ ಸಾಹೇಬ್ರ. ಒಂದು ಗೇಣು ಇಳಸಬೇಕು" ಎಂದೆ.

"ಎಂಥಾ ಛಂದ ಮೇಜು ಅದು. ಎಲ್ಲಾ ಮೀಟಿಂಗಿನ್ಯಾಗ ಅದರದೇ ಫೋಟೋ ತೋರಸ್ತೀನಿ. ಇಳಸೂದು ಎದಕ್ಕ?"

"ಮಕ್ಕಳ ಕುತ್ತಿಗಿ ನೋಯಲಿಕತ್ತಾವ್ರಿ."

"ಮಕ್ಕಳು ಬೆಳೀತಾವ ಬಿಡ್ರಿ ಅಮ್ಮಾ. ವರ್ಷದಾಗ ಮೇಜಿನ ಸಮ ಬರ್ತಾವ."

"ಬೆಳದವ್ರು ಪಾಸಾಗಿ ಹೋಗ್ತಾರ್ರಿ. ಮತ್ತ ಸಣ್ಣವ್ರೇ ಬಂದು ಕುಂದರ್ತಾರ."

ನೀವು ನಕ್ಕಿರಿ. ನಾನು ಕಲ್ಲಿನ ಮೇಲಿನ ಹೆಸರಿನ ಮಾತು ತೆಗೆದೆ, ನಗು ನಿಂತಿತು. "ಅದು ನನ್ನ ಹೆಸರಿನ ಪ್ರಶ್ನಿ ಅಲ್ಲಮ್ಮಾ, ಪದವಿಯ ಪ್ರಶ್ನಿ" ಎಂದಿರಿ. ಹೇಳುತ್ತ ಹೇಳುತ್ತ ಕುರ್ಚಿಯ ಕೆಳಗೆ ಕೈ ಹಾಕಿ ಏನನ್ನೋ ಎಳೆದಿರಿ. ಉಸ್ ಎಂದು ನಿಮ್ಮ ಕುರ್ಚಿ ಸುಮಾರು ಒಂದು ಗೇಣು ಕೆಳಗಿಳಿಯಿತು. ಟವೆಲ್ ಸರಿಮಾಡಿಕೊಂಡು ಹಾಯಾಗಿ ಒರಗಿದಿರಿ. ಒಂದು ಗೇಣು ಇಳಿಯಲು ಯಾರಿಗೆ ಅರ್ಜಿ ಹಾಕಿದ್ದಿರಿ ಎಂದು ಕೇಳಬೇಕೆನಿಸಿತು. ಬಸ್ಸಿಗೆ ಹೊತ್ತಾಗಿತ್ತು. ಅದಕ್ಕೇ ಈಗ ಕೇಳುತ್ತಿದ್ದೇನೆ.

ವಾಡಿಯಿಂದ ಬಂದ ಮೇಲೆ ಕಾಶೀನಾಥ ನಿಮ್ಮ ಕಚೇರಿಗೆ ಹೋದ. ಪರೀಕ್ಷೆಯಲ್ಲಿ ಮಗಳು ಹೇಳಿದ್ದನ್ನು ಬೇರೆ ಮಗು ಬರೆಯಲು ಬಿಡಿ ಎಂದು ಕೇಳಿದ. ಕಿಟಕಿಯಲ್ಲಿದ್ದವರು ಶಾಶ್ವತ ಅಂಗವೈಕಲ್ಯದ ಪ್ರಮಾಣಪತ್ರ ತನ್ನಿ ಎಂದರಂತೆ. ಮಹೆವಿಶ ನಾಲ್ಕು ತಿಂಗಳಲ್ಲಿ ಗುಣವಾಗುತ್ತದೆ ಎಂದು ಬರೆದುಕೊಟ್ಟಿದ್ದಳು. "ಗುಣ ಆಗ್ತದಂದ್ರ ನಿಯಮದಾಗ ಬರೂದಿಲ್ಲ" ಎಂದರಂತೆ. ಈಗ ನಾನು ಬಸವಣ್ಣನ ಮುಂದೆ ನಿಂತು ಏನು ಬೇಡಲಿ, ಮಾನ್ಯರೇ? ಕೂಸಿನ ಕೈ ಗುಣವಾಗಲಿ ಎಂದೋ, ಶಾಶ್ವತವಾಗಿ ಹೋಗಲಿ ಎಂದೋ?

ನನ್ನ ಬೆನ್ನಿನ ಬಗ್ಗೆ ಎರಡು ಮಾತು ಹೇಳಬೇಕು. ಭಂಕೂರ ಕಡೆಯ ಕಲ್ಲಿನ ಖಣಿಗಳಲ್ಲಿ ಇಪ್ಪತ್ತೆರಡು ವರ್ಷ ಬುಟ್ಟಿ ಹೊತ್ತವಳು ನಾನು. ನನ್ನ ಬೆನ್ನು ಈಗಲೂ ಗೋಡೆಯ ಹಾಗೆ ನೆಟ್ಟಗಿದೆ. ಯಾಕೆಂದರೆ ಖಣಿಯಲ್ಲಿ ಒಂದು ಪದ್ಧತಿ ಇತ್ತು. ನೆರಳು ಒಂದು ಮೊಳ ಸರಿದಾಗ ಹಿರಿಯ ಒಬ್ಬರು ಹಾರೆಯಿಂದ ಬಂಡೆಗೆ ಮೂರು ಪೆಟ್ಟು ಹಾಕಿ "ನಡಾ ಎತ್ರಿ" ಎಂದು ಕೂಗುತ್ತಿದ್ದರು. ಬಗ್ಗಿದವರೆಲ್ಲ ಕೈಯಲ್ಲಿದ್ದದ್ದನ್ನು ಬಿಟ್ಟು ಎದ್ದು ನಿಂತು, ನಡಕ್ಕೆ ಎರಡೂ ಕೈ ಕೊಟ್ಟು ಹಿಂದಕ್ಕೆ ಬಾಗುತ್ತಿದ್ದೆವು. ಗುತ್ತಿಗೆದಾರನೂ ಅದನ್ನು ತಡೆಯುತ್ತಿರಲಿಲ್ಲ. ತಡೆದ ಖಣಿಗೆ ಮರುವರ್ಷ ಆಳು ಸಿಗುತ್ತಿರಲಿಲ್ಲ. ಕಲ್ಲು ಒಡೆಯುವವರಿಗೆ ಇದ್ದ ಈ ಒಂದು ನಿಮಿಷ ಶಾಲೆಯ ಮಕ್ಕಳಿಗೆ ಯಾಕಿಲ್ಲ? ಅರ್ಧ ತಾಸಿಗೊಮ್ಮೆ ಗಂಟೆ ಹೊಡೆದು ಮಕ್ಕಳನ್ನು ನಿಲ್ಲಿಸಿ ಎಂದು ಮುಖ್ಯಗುರುಗಳಿಗೆ ಹೇಳಿದೆ. ಗಂಟೆ ಹೊಡೆಯುವುದು ವೇಳಾಪಟ್ಟಿಯಂತೆ, ಬದಲಿಸಲು ನಿಮ್ಮ ಸುತ್ತೋಲೆ ಬೇಕು ಎಂದರು. ಎಪ್ಪತ್ತೊಂದರ ನಾನು ನೆಟ್ಟಗಿದ್ದೇನೆ, ಹದಿನೈದರ ಮೊಮ್ಮಗಳು ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದಾಳೆ. ನಮ್ಮಲ್ಲಿ ಶಾಲೆ ಕಲಿತವರು ಯಾರು?

ನನ್ನ ಬೇಡಿಕೆ ಸಣ್ಣದು. ಮೇಜನ್ನು ಒಂದು ಗೇಣು ಇಳಿಸಲು ಎರಡು ಸಾಲಿನ ಅನುಮತಿ ಕೊಡಿ. ಕಾಶೀನಾಥ ಅರ್ಧ ದಿನದಲ್ಲಿ ಮುಗಿಸುತ್ತಾನೆ. ವರ್ಷದ ಮೊದಲ ವಾರದಲ್ಲಿ ಪ್ರತಿ ಮಗುವನ್ನೂ ಕೂಡಿಸಿ, ಹೇಗೆ ಕುಳಿತುಕೊಳ್ಳಬೇಕು, ಯಾವಾಗ ಏಳಬೇಕು ಎಂದು ಕಲಿಸಿ, ಫೋಟೋ ಇಲ್ಲದೆ. ಅರ್ಧ ತಾಸಿಗೊಂದು ಗಂಟೆ ಹೊಡೆಸಿ. ನಿಮ್ಮ ಕಚೇರಿಯ ಕೆಲಸವನ್ನು ಸಂಬಳ ತೆಗೆದುಕೊಳ್ಳುವವರಿಂದ ಮಾಡಿಸಿ. ಹೆಸರಿನ ಚಿಂತೆ ಬಿಡಿ. ಮಶಾಕ ನಮ್ಮ ಮನೆಗೆ ಬಂದು ತಲೆ ತಗ್ಗಿಸಿ ಕುಳಿತಿದ್ದ. "ಅಕ್ಕಾ, ಸಾಹೇಬ್ರಿಗೆ ಹೇಳ್ರಿ, ಈ ಸಲ ನಿಂತು ಕೆತ್ತತೀನಿ, ಅಂಗೈಯಷ್ಟು ದೊಡ್ಡ ಅಕ್ಷರ, ಬಾಗಿಲದಾಗಿಂದನೇ ಕಾಣಬೇಕು" ಎಂದ. ಇದಕ್ಕಿಂತ ಹೆಚ್ಚು ಕೊಡಲು ನಮ್ಮ ಹತ್ತಿರ ಏನೂ ಇಲ್ಲ.

ನೀವು ಕೊಡುವುದಿಲ್ಲ ಎಂದು ನನಗೆ ಗೊತ್ತಿದೆ. ಈ ಪತ್ರ ಅಚ್ಚಾದರೆ ನಿಮ್ಮ ಕಚೇರಿಯವರು ಅದನ್ನು ಕತ್ತರಿಸಿ ಒಂದು ಫೈಲಿಗೆ ಹಾಕುತ್ತಾರೆ, ಆ ಫೈಲಿನ ಮಾಹಿತಿಯನ್ನು ಇಂದೇ ತುಂಬಿ ಕಳಿಸಿ ಎಂದು ನಮ್ಮ ಶಾಲೆಗೇ ಬರೆಯುತ್ತಾರೆ. ಕೊಟ್ಟರೂ ಶಿವಗಂಗಾಳಿಗೆ ಅದು ತಡವಾಯಿತು, ಅವಳ ಪರೀಕ್ಷೆ ಮಾರ್ಚಿನಲ್ಲಿ. ಮೂರು ತಾಸಿನ ಪತ್ರಿಕೆ, ಅವಳ ಕೈ ತಾಳುವುದು ಒಳ್ಳೆಯ ದಿನ ಮುಕ್ಕಾಲು ತಾಸು, ಕೆಟ್ಟ ದಿನ ಒಂದು ಸಾಲೂ ಇಲ್ಲ. ಎಂಟನೆಯ ತರಗತಿಗೆ ಈ ವರ್ಷ ಮೂವತ್ತೆಂಟು ಮಕ್ಕಳು ಸೇರಿದ್ದಾರೆ. ಅವರ ಕುತ್ತಿಗೆ ಇನ್ನೂ ಹೊಸದು. ಅವರಿಗಾಗಿ ಬರೆದೆ.

ಈ ಮನೆಯಲ್ಲಿ ಅರ್ಜಿ ಬರೆಯುತ್ತಿದ್ದವಳು ಶಿವಗಂಗಾ. ಹಿಂದಿನ ಮೂರೂ ಅವಳ ಕೈಬರಹವೇ, ತೆಗೆದು ನೋಡಿ, ಮುತ್ತು ಪೋಣಿಸಿದ ಹಾಗಿದೆ. ಈ ಸಲ ನಾನು ಬರೆದೆ. ಹನ್ನೊಂದು ದಿನ ಹಿಡಿಯಿತು. ಅವಳು ಪಕ್ಕದಲ್ಲಿ ಕುಳಿತು ಒತ್ತಕ್ಷರ ಹೇಳಿಕೊಟ್ಟಳು, ನಾನು ಬೈದ ಕಡೆ ಪುಸ್ತಕದ ಮಾತು ಹಾಕಿಸಿದಳು, ನಡುನಡುವೆ "ಆಯಿ, ನಡಾ ಎತ್ತು" ಎಂದು ಎಬ್ಬಿಸಿದಳು. ಇಂದು ಮುಂಜಾನೆ ಮುಗಿದ ಮೇಲೆ, ನೀನೂ ಒಂದು ಸಹಿ ಹಾಕು ಎಂದು ಪೆನ್ನು ಕೊಟ್ಟೆ. ಹಾಕತೊಡಗಿದಳು. ಮೂರು ಅಕ್ಷರಕ್ಕೆ ಪೆನ್ನು ಕೆಳಗಿಟ್ಟು, ಕೈಯನ್ನು ಮತ್ತೊಂದು ಕೈಯಲ್ಲಿ ಹಿಡಿದುಕೊಂಡಳು.

"ಉಳದದ್ದು ನಾಳಿ ಬರೀತೀನಿ ಆಯಿ" ಎಂದಳು.

ಟಪಾಲು ಇಂದೇ ಹೋಗಬೇಕು. ಹಾಗೇ ಬಿಟ್ಟಿದ್ದೇನೆ.

ಇಂತಿ,
ಕೇಳಿ ಕೇಳಿ ದಣಿದ, ಬೆನ್ನು ಮಾತ್ರ ನೆಟ್ಟಗಿರುವ,
ಗುರುಲಿಂಗಮ್ಮ

ಶಿವಗಂ